ಎಪ್ಪತ್ತೊಂದರ ಹೊಸ ನಟಿ

ಹುಬ್ಬಳ್ಳಿಯ ದೇಶಪಾಂಡೆ ನಗರ. ಸವಾಯಿ ಗಂಧರ್ವ ಹಾಲ್‌ಗೆ ಹತ್ತಿರದ ಒಂದು ಹಳೆಯ ಮನೆ, ಮುಂದೆ ಕಲ್ಲಿನ ಕಟ್ಟೆ. ಕಟ್ಟೆಯ ಮೇಲೆ ಕುಳಿತವರು ಊರಿನ ಛಾಪಖಾನೆಗಳಲ್ಲಿ ಮೂವತ್ತೈದು ವರ್ಷ ಪುಟ ಕಟ್ಟಿದ ಹಿರಿಯರು. ಓಣಿಯ ಮಕ್ಕಳಿಗೆಲ್ಲ ಕಾಕಾ. ಲ್ಯಾಪ್‌ಟಾಪ್ ತಂದವಳು ಪತ್ರಿಕೋದ್ಯಮ ಓದುವ ಎದುರು ಮನೆಯ ಹುಡುಗಿ. ಕಾಲೇಜಿನ ಪ್ರಾಜೆಕ್ಟಿಗೆಂದು ಅವಳ ತಂಡ ಹನ್ನೆರಡು ನಿಮಿಷದ ಕಿರುಚಿತ್ರ ಮಾಡಿದೆ. ಮುಖ್ಯ ಪಾತ್ರ ಅವಳ ಆಯಿಯದು. ಚಿತ್ರದ ಜೊತೆ ಒಂದು ಟೀಸರ್, ಒಂದು ಪೋಸ್ಟರ್, ಒಂದು ಸಿನಿಮಾ ಪತ್ರಿಕೆಯ ಮುಖಪುಟ ಒಪ್ಪಿಸಬೇಕು. ಮುಖಪುಟ ಅವಳ ಪಾಲಿಗೆ ಬಂದಿದೆ.

ಕಾಕಾ: ಸ್ವಲ್ಪ ಹಿಂದಕ್ಕ ಸರಸವಾ. ಇನ್ನಷ್ಟು. ಹಾಂ, ಅಲ್ಲೇ ಇರಲಿ. ನೀ ಮಾಡಿದ್ದು ಪೋಸ್ಟರ್ ಐತಿ.

ಹುಡುಗಿ: ಪೋಸ್ಟರ್ ಅಲ್ರಿ ಕಾಕಾ, ಮುಖಪುಟ. ಮ್ಯಾಲ ಪತ್ರಿಕಿ ಹೆಸರು ಐತಲ್ಲ. ತಾರೀಖು ಐತಿ, ಬೆಲಿ ಐತಿ, ಬಾರ್‌ಕೋಡ್ ಸೈತ ಹಾಕೀನಿ.

ಕಾಕಾ: ಅವನ್ನೆಲ್ಲಾ ಹಚ್ಚಿದ ಮ್ಯಾಲೂ ಪೋಸ್ಟರ್ರ ಐತಿ. ನಿನ್ನ ಗೆಳತಿ ಮಾಡಿದ ಪೋಸ್ಟರ್ ತಗದು ಬಾಜೂಕ ಇಡು. ನೋಡು, ಅದರಾಗೂ ನಿಮ್ಮ ಆಯಿ ಕಿಡಕಿ ಹೊರಗ ನೋಡಾಕತ್ತಾಳ, ಇದರಾಗೂ ಹಂಗ ನೋಡಾಕತ್ತಾಳ. ಅದರಾಗೂ ಮಳಿ, ಇದರಾಗೂ ಮಳಿ. ಎರಡಕ್ಕೂ ಮಾಡೋ ಕೆಲಸ ಬ್ಯಾರೆ ಬ್ಯಾರೆ ಐತಿ.

ಹುಡುಗಿ: ಎರಡೂ ನಮ್ಮ ಸಿನಿಮಾನ ತೋರಸಬೇಕಲ್ರಿ?

ಕಾಕಾ: ಪೋಸ್ಟರ್ ಸಿನಿಮಾ ಮಾರತೈತಿ. ಮುಖಪುಟ ಪತ್ರಿಕಿ ಮಾರತೈತಿ. ಅಪ್ಸರಾ ಟಾಕೀಜು, ಸುಧಾ ಟಾಕೀಜು ಮುಂದ ಕೈಲೆ ಬರದ ಬ್ಯಾನರ್ ಕಟ್ಟಿದ್ದನ್ನ ನಾ ಸಣ್ಣಾಂವಿದ್ದಾಗಿಂದ ನೋಡೀನಿ. ಅದನ್ನ ನೋಡಾಂವ ಸೈಕಲ್ ಮ್ಯಾಲ ಹೊಂಟಿರತಾನ, ಇಲ್ಲಾ ಬಸ್ಸಿನ್ಯಾಗ ಕುಂತಿರತಾನ. ಅಷ್ಟು ದೂರದಿಂದ, ಅಷ್ಟು ಸ್ವಲ್ಪ ಹೊತ್ತಿನ್ಯಾಗ ಅವಂಗ ಕಥಿ ಎಂಥಾದ್ದು ಅಂತ ತಿಳೀಬೇಕು. ಹೊಡದಾಟದ್ದೋ, ಅಳೂದೋ, ದೇವರದ್ದೋ. ಅದಕ್ಕ ಪೋಸ್ಟರಿನ್ಯಾಗ ಪಾತ್ರ ಇರತೈತಿ, ಪಾತ್ರದ ಸುತ್ತ ಕಥಿಯ ಗಾಳಿ ಇರತೈತಿ. ಮುಖಪುಟ ಹಂಗಲ್ಲ. ಅದು ಕೈಯಾಗ ಹಿಡಿಯೋದು, ಕಣ್ಣಿಗೂ ಅದಕ್ಕೂ ಒಂದು ಮೊಳದ ಅಂತರ. ಅಷ್ಟು ಹತ್ರ ಬಂದಾಂವ ಪಾತ್ರ ಕೇಳಂಗಿಲ್ಲ, ಆ ಪಾತ್ರ ಮಾಡಿದಾಕಿ ಯಾರು ಅಂತ ಕೇಳ್ತಾನ. ಒಳಗ ಆಕೀ ಜೋಡಿ ಕುಂತು ಮಾತಾಡಿದ್ದು ಐತಿ ಅಂತ ಮುಖಪುಟ ಹೇಳಬೇಕು. ಮಾತಾಡೋರು ಎಲ್ಲೆ ನೋಡ್ತಾರ?

ಹುಡುಗಿ: ಎದುರು ಕುಂತವರ ಕಣ್ಣಿನ್ಯಾಗ.

ಕಾಕಾ: ನಿಮ್ಮ ಆಯಿ ನನ್ನ ಕಡೆ ನೋಡವಲ್ಲಳು.

ಹುಡುಗಿ: ಇದು ಸಿನಿಮಾದಾಗಿನ ಫ್ರೇಮ್ ರಿ. ವಿಡಿಯೊ ನಿಂದ್ರಿಸಿ ಹಿಡಕೊಂಡೀನಿ. ಅಲ್ಲೆ ಆಕಿ ಕ್ಯಾಮೆರಾ ನೋಡೂ ಹಂಗಿಲ್ಲ.

ಕಾಕಾ: ಎಷ್ಟು ಪಿಕ್ಸೆಲ್ ಐತಿ?

ಹುಡುಗಿ: 1920 ಬೈ 1080. ಫುಲ್ ಎಚ್‌ಡಿ.

ಕಾಕಾ: ಛಾಪಿಸಬೇಕಾದ್ರ ಇಂಚಿಗೆ 300 ಬೇಕು. ಭಾಗಸಿ ಹೇಳು.

ಹುಡುಗಿ: ಅಗಲ 6.4 ಇಂಚು, ಎತ್ತರ 3.6.

ಕಾಕಾ: ಒಂದು ಪೋಸ್ಟ್‌ಕಾರ್ಡಿಗಿಂತ ಸ್ವಲ್ಪ ದೊಡ್ಡದು, ಅಷ್ಟ. ಅದೂ ಅಡ್ಡ. ನಿನ್ನ ಪುಟ ಉದ್ದಕ ನಿಂತೈತಿ. ಎ4 ಅಂದ್ರ 210 ಮಿಲಿಮೀಟರ್ ಅಗಲ, 297 ಎತ್ತರ. ಅದಕ್ಕ 2480 ಬೈ 3508 ಪಿಕ್ಸೆಲ್ ಬೇಕು. ನೀ ಅಡ್ಡ ಚಿತ್ರದ ನಡುವಿನ ತುಂಡು ಕತ್ತರಿಸಿ, ಇಷ್ಟೆತ್ತರ ಜಗ್ಗೀದಿ. ಈಗ ಇಂಚಿಗೆ 92 ಉಳದಾವು. ಸ್ಕ್ರೀನಿನ ಮ್ಯಾಲ ನಡೀತೈತಿ, ಕಾಗದದ ಮ್ಯಾಲ ಆಯಿ ಕಣ್ಣು ಹಿಟ್ಟು ಕಲಿಸಿದಂಗ ಕಾಣ್ತಾವು. ದೊಡ್ಡ ಸಿನಿಮಾ ಮಾಡೋರೂ ಮುಖಪುಟಕ್ಕ ಫಿಲ್ಮಿನ್ಯಾಗಿಂದ ತಗದು ಕೊಡ್ತಿದ್ದಿಲ್ಲ. ಸೆಟ್ಟಿನ್ಯಾಗ ಸ್ಟಿಲ್ ಫೋಟೋಗ್ರಾಫರ್ ಅಂತ ಒಬ್ಬಾಂವ ಬ್ಯಾರೆನ ಇರತಿದ್ದ. ನೀನೂ ಆಯಿನ್ನ ಕುಂದ್ರಿಸಿ ಬ್ಯಾರೆ ಫೋಟೋ ತಗೀಬೇಕು. ತಗಿಯೋ ಮುಂದ ನಾಕೂ ಕಡೆ ಜಾಗಾ ಬಿಡು. ಕತ್ತರಿಸೋ ಗೆರಿ ದಾಟಿ 3 ಮಿಲಿಮೀಟರ್ ಬ್ಲೀಡ್ ಹೋಗಬೇಕು, ತಲಿ ಮ್ಯಾಲ ಹೆಸರು ಕುಂದ್ರಬೇಕು.

ಹುಡುಗಿ: ಹೆಸರಿಗೆ ಜಾಗಾ ಬಿಟ್ಟೀನ್ರಿ. ನೋಡ್ರಿ, ಆಯಿ ತಲಿ ಹೆಸರಿನ ಮುಂದ ಬಂದೈತಿ. ಇಂಗ್ಲಿಷ್ ಪತ್ರಿಕಿಯೊಳಗ ಹಂಗ ಮಾಡ್ತಾರ. ನಾ ಒಂದು ಮುಖಪುಟ ಮಾದರಿ ಇಟ್ಟಕೊಂಡು ಅದರ ಅಳತಿ ಮ್ಯಾಲ ಎಲ್ಲಾ ಕೂಡ್ರಿಸೀನಿ.

ಕಾಕಾ: ಅದಕ್ಕ ಪತ್ರಿಕಿ ಹೆಸರೂ ಇಂಗ್ಲಿಷಿನ್ಯಾಗ ಬಂತೇನು?

ಹುಡುಗಿ: ಖರೆ ಹೇಳ್ತೀನ್ರಿ, ಇಂಥಾದ್ದನ್ನ ನಮ್ಮ ಕಡೆ ಯಾರ ಮಾಡ್ಯಾರ? ಸಿನಿಮಾ ಪತ್ರಿಕಿ ಅಂದ್ರ ಮುಂಬೈ, ಇಲ್ಲಾ ಬೆಂಗಳೂರು. ನೋಡಿ ಕಲಿಯಾಕ ನಮಗ ಹೊರಗಿನದ ಬೇಕು.

ಕಾಕಾ: ಕುಂದ್ರು. ಇದನ್ನ ನೀ ತಿಳಕೋಬೇಕು. ಮುಂಬೈಯಾಗ ಬಾಬುರಾವ್ ಪಟೇಲ್ ಅಂತ ಒಬ್ಬರು ಇದ್ರು, 1935ರಾಗ 'ಫಿಲ್ಮ್ ಇಂಡಿಯಾ' ಅನ್ನೋ ಇಂಗ್ಲಿಷ್ ಮಾಸಿಕ ಶುರು ಮಾಡಿದ್ರು. ಅದರಾಗ ಬಂದ ವಿಮರ್ಶಾಕ್ಕ ಸಿನಿಮಾ ಮಂದಿ ಅಂಜತಿದ್ರು. ಆ ಪತ್ರಿಕಿ ಮುಖಪುಟ ಬರದ ಕೈ ಯಾರದು ಗೊತ್ತೇನು? ಎಸ್.ಎಂ. ಪಂಡಿತ್ ಅವರದು. 1916ರಾಗ ಕಲಬುರಗಿಯೊಳಗ ಹುಟ್ಟಿದವರು.

ಹುಡುಗಿ: ಕಲಬುರಗಿಯವರಾ?

ಕಾಕಾ: ನಮ್ಮ ಕಲಬುರಗಿಯವರು. ಮುಂಬೈಗೆ ಹೋಗಿ ಜೆ.ಜೆ. ಕಲಾಶಾಲಿಯೊಳಗ ಕಲ್ತ್ರು. ಮೆಟ್ರೊ ಟಾಕೀಜಿಗೆ ಹಾಲಿವುಡ್ ಸಿನಿಮಾದ ಶೋಕಾರ್ಡ್ ಬರದ್ರು. ಆಮ್ಯಾಲ ಪತ್ರಿಕಿ ಮುಖಪುಟ, ಸಿನಿಮಾ ಪೋಸ್ಟರ್, ಕಡೀಕ ದೇವರ ಕ್ಯಾಲೆಂಡರ್. 1993ರಾಗ ತೀರಿಕೊಂಡ್ರು. ಪುರಾಣದ ಚಿತ್ರ ಇದ್ದ ಎಷ್ಟೋ ಕ್ಯಾಲೆಂಡರು ನಮ್ಮ ಮನಿಗಳ ದೇವರ ಜಗಲಿ ಮ್ಯಾಲ ಅವರ ಕೈಯಿಂದಾನ ಬಂದಾವು, ಹೆಸರು ಮಾತ್ರ ಮಂದಿಗೆ ಗೊತ್ತಿಲ್ಲ. ಈಗ ಒಂದು ವಿಚಾರ ಮಾಡು. ಆ ಕಾಲದಾಗ ಸಿನಿಮಾ ಕಪ್ಪು ಬಿಳಿ. ಪಂಡಿತರ ಕೈಗೆ ಬರೋ ಫೋಟೋನೂ ಕಪ್ಪು ಬಿಳಿ. ನಟಿ ಸೀರಿ ಹಸರೋ ಕೆಂಪೋ ಫೋಟೋ ಹೇಳಂಗಿಲ್ಲ. ಗಲ್ಲದ ಮ್ಯಾಲಿನ ರಂಗು, ತುಟಿ ಕೆಂಪು, ಹಿಂದಿನ ಆಕಾಶದ ನೀಲಿ, ಎಲ್ಲಾ ಆ ಕಲಾವಿದ ತನ್ನ ಮನಸಿನ್ಯಾಗಿಂದ ತರಬೇಕು. ಟಾಕೀಜಿನ್ಯಾಗ ಕುಂತಾಂವ ಕಾಣದ ಬಣ್ಣಾನ ಅಂಗಡಿ ಮುಂದ ನಿಂತಾಂವ ಮುಖಪುಟದಾಗ ಕಂಡ. ಅಷ್ಟು ದೊಡ್ಡ ಕೆಲಸ ಒಬ್ಬ ಕನ್ನಡ ನಾಡಿನ ಕಲಾವಿದ ಮಾಡ್ಯಾನ. ನಮ್ಮ ಕಡೆ ಯಾರೂ ಮಾಡಿಲ್ಲ ಅಂತ ನಿನ್ನ ಬಾಯಾಗ ಬರಬಾರದು.

ಹುಡುಗಿ: ನಮಗ ಕ್ಲಾಸಿನ್ಯಾಗ ಇವರ ಹೆಸರು ಯಾರೂ ಹೇಳಿಲ್ರಿ.

ಕಾಕಾ: ಈಗ ನಾ ಹೇಳೀನಿ, ನೀ ಬರಿ. ನಿನ್ನ ಪ್ರಾಜೆಕ್ಟಿನ ವರದಿಯೊಳಗ ಒಂದು ಪುಟ ಅವರಿಗೆ ಇಡು.

ಹುಡುಗಿ: ಇಡ್ತೀನಿ. ಆದ್ರ ಹೆಸರಿನ ತ್ರಾಸು ಕೇಳ್ರಿ. ಮೊದಲ ಕನ್ನಡದಾಗ ಬರದಿದ್ದೆ. 'ಬೆಳ್ಳಿತೆರೆ' ಅಂತ. ಫೋಟೋಶಾಪಿನ್ಯಾಗ ಹಾಕಿದ ಕೂಡ್ಲೆ ಅಕ್ಷರ ಒಡದು ಹೋತು. ಳ ಒಂದು ಕಡೆ, ಅದರ ಒತ್ತು ಇನ್ನೊಂದು ಕಡೆ. ಬ್ಯಾಸರಾಗಿ ಇಂಗ್ಲಿಷಿಗೆ ಹೋದೆ.

ಕಾಕಾ: ಒತ್ತು ಒಡದ ಬೋರ್ಡು ಊರ ತುಂಬ ಅದಾವು, ನೋಡಿದಾಗೊಮ್ಮೆ ನನಗ ಸಂಕಟ ಆಗತೈತಿ. ಎರಡು ಕಾರಣಕ್ಕ ಒಡೀತೈತಿ. ಹಳೇ ನುಡಿ ಫಾಂಟಿನ್ಯಾಗ ಹೊಡದ ಅಕ್ಷರ ಯೂನಿಕೋಡ್ ಜಾಗಾದಾಗ ತಂದು ಹಚ್ಚಿದ್ರ ಪೂರಾ ಕಲಸಿ ಹೋಗತಾವು. ನೀ ಯೂನಿಕೋಡ್‌ನ್ಯಾಗ ಹೊಡದಿದ್ರ ತಪ್ಪು ಸಾಫ್ಟ್‌ವೇರಿನ ಸೆಟ್ಟಿಂಗ್ಸಿನ್ಯಾಗ ಇರತೈತಿ. ಅಕ್ಷರದ ಆಯ್ಕೆ ಒಳಗ ದಕ್ಷಿಣ ಏಷ್ಯಾದ ಭಾಷೆಗಳಿಗೆ ಅಂತ ಒಂದು ಐತಿ. ಅದನ್ನ ಹಚ್ಚು, ಫೈಲು ಮುಚ್ಚಿ ತಗಿ. ಒತ್ತು ತಾನ ಜಾಗಾಕ್ಕ ಹೋಗಿ ಕುಂದ್ರತೈತಿ.

ಹುಡುಗಿ: ಇಷ್ಟಕ್ಕಾಗಿ ಕನ್ನಡ ಬಿಟ್ಟಿದ್ದೆನಾ! ಹಂಗಿದ್ರ 'ಬೆಳ್ಳಿತೆರೆ'ನ ಇರಲಿ.

ಕಾಕಾ: ಬೆಳ್ಳಿತೆರೆ ಮಾತು ಛಲೋ. ಆದ್ರ ಮುಖಪುಟದ ನೆತ್ತಿ ಮ್ಯಾಲ ಕುಂದ್ರಸೋ ಮುಂದ ಮಾತಿನ ಅರ್ಥದ ಜೋಡಿ ಮೈಯ ಆಕಾರಾನೂ ನೋಡಬೇಕು. ಇಂಗ್ಲಿಷಿನ್ಯಾಗ ದೊಡ್ಡಕ್ಷರ ಅದಾವು, ಎಲ್ಲಾ ಒಂದ ಎತ್ತರ, ಇಟ್ಟಿಗಿ ಜೋಡಿಸಿದಂಗ ನಿಂದ್ರತಾವು. ನಮಗ ಅದಿಲ್ಲ. ನಮ್ಮ ಅಕ್ಷರ ದುಂಡಗ, ಅಗಲ. ಮ್ಯಾಲ ಗುಡಿಸು, ಏತ್ವ, ಕೆಳಗ ಒತ್ತು. ಬೆಳ್ಳಿತೆರೆಯೊಳಗ ಳ್ಳಿ ಐತಿ. ಆ ಒತ್ತು ಕೆಳಗ ಇಳದು ನಿಮ್ಮ ಆಯಿ ಹಣಿ ಮ್ಯಾಲ ಬೀಳತೈತಿ. ಮಣಿಪಾಲದ 'ರೂಪತಾರಾ' ಹೆಸರು ನೋಡು, ಒಂದೂ ಒತ್ತಿಲ್ಲ, ಗೆರಿ ಹೊಡದಂಗ ಕುಂದ್ರತೈತಿ. 'ಚಿತ್ತಾರ'ದಾಗ ತಕ್ಕ ತ ಒತ್ತು. ನಮ್ಮ ಹುಬ್ಬಳ್ಳಿಯಿಂದ 1956ರಿಂದ ಬರೋ 'ಕಸ್ತೂರಿ'ಯೊಳಗ ಸ್ತೂ: ಒತ್ತು ಕೆಳಗ, ದೀರ್ಘ ಬಾಜೂಕ. ಒತ್ತು ಇರೂದು ದೋಷ ಅಲ್ಲ. ಬರಿಯಾಂವ ಅದನ್ನ ಎಲ್ಲೆ ಇಳಸಬೇಕು ಅಂತ ಮೊದಲ ಗೊತ್ತು ಮಾಡಿಕೊಂಡಿರಬೇಕು. ಫೋಟೋ ತಗಿಯೋಕಿಂತ ಮೊದಲ.

ಹುಡುಗಿ: ನಮ್ಮ ಗುಂಪಿನ್ಯಾಗ ಇನ್ನೆರಡು ಹೆಸರು ಬಂದಿದ್ದುವು. ಒಂದು 'ಚಿತ್ರಸಂತೆ', ಒಂದು 'ಪರದೆ'.

ಕಾಕಾ: ಪರದೆ! ಅದನ್ನ ಹಿಡಿ. ನಮ್ಮ ಕಡೆ ಪರದೆ ಅಂದ್ರ ನಾಟಕ ಕಂಪನಿಯ ಪರದೇನೂ ಹೌದು, ಟಾಕೀಜಿನ ಪರದೇನೂ ಹೌದು. ಮೂರ ಅಕ್ಷರ. ಒತ್ತಿಲ್ಲ. ಮೂರನ್ನೂ ಪುಟದ ಅಗಲಕ್ಕ ಹಿಗ್ಗಿಸಿ ಬರೀಬಹುದು.

ಹುಡುಗಿ: ಮತ್ತ ಆಯಿ ತಲಿ ಹೆಸರಿನ ಮುಂದ ಬರಬಹುದಲ್ರಿ? ಅದೊಂದು ನನಗ ಭಾಳ ಸೇರತೈತಿ.

ಕಾಕಾ: ಇಲ್ಲೆ ಲಕ್ಷ್ಯ ಕೊಡು. ಇಂಗ್ಲಿಷ್ ಪತ್ರಿಕಿ ತನ್ನ ಹೆಸರು ಅರ್ಧ ಮುಚ್ಚಿದ್ರೂ ನಡೀತೈತಿ. ಯಾಕಂದ್ರ ಅದು ಐವತ್ತು ವರ್ಷದಿಂದ ಅದ ಹೆಸರು ತೋರಿಸಿಕೋತ ಬಂದೈತಿ, ಮಂದಿ ಎರಡಕ್ಷರ ಕಂಡ್ರ ಉಳದದ್ದು ತಾವ ಓದತಾರ. ನಿನ್ನ ಪತ್ರಿಕಿ ಇವತ್ತ ಹುಟ್ಟೈತಿ. ಅದಕ್ಕಿಂತ ಮುಖ್ಯ ಇನ್ನೊಂದು. ನಮ್ಮ ಅಕ್ಷರ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇರೂದು ಭಾಳ ಸಣ್ಣ ಜಾಗಾದಾಗ. ಪ ಒಳಗ ಒಂದು ಗೆರಿ ಎಳದ್ರ ಷ. ರ ಒಳಗ ಒಂದು ಚುಕ್ಕಿ ಇಟ್ರ ಠ. ದ ಮತ್ತು ದೆ ನಡುವ ಇರೂದು ನೆತ್ತಿ ಮ್ಯಾಲಿನ ಒಂದು ಸುತ್ತು. ಆ ನೆತ್ತಿ ಮುಚ್ಚಿದ್ರ ಪರದೆ ಹೋಗಿ ಪರದ ಆಗತೈತಿ. ಹಿಂಗಾಗಿ ಅಕ್ಷರದ ತಲಿ ಮುಟ್ಟಬಾರದು. ಕಾಲು ಮುಚ್ಚಬಹುದು. ಆಯಿ ಬೆಳ್ಳನ ಕೂದಲ ರ ಅಕ್ಷರದ ಬುಡಕ್ಕ ತಾಗಲಿ, ಮೂರರಾಗ ಒಂದು ಪಾಲು ಮುಚ್ಚಲಿ. ಅದಕ್ಕಿಂತ ಮ್ಯಾಲ ಹೋಗಬ್ಯಾಡ.

ಹುಡುಗಿ: ಇದನ್ನ ಯಾವ ಟ್ಯುಟೋರಿಯಲ್‌ನ್ಯಾಗೂ ಹೇಳಿಲ್ಲ.

ಕಾಕಾ: ಅವರು ಇಂಗ್ಲಿಷ್ ಅಕ್ಷರಕ್ಕ ಹೇಳ್ಯಾರ, ಅವರದು ಅವರಿಗೆ ಬರೋಬರಿ ಐತಿ. ನಮ್ಮದು ನಾವ ಕಂಡುಕೋಬೇಕು. ಸಾಲಿನ ಅಂತರಾನೂ ಹಂಗ. ಕೆಳಗ ನೀ ಎರಡು ಸಾಲಿನ ಶೀರ್ಷಿಕಿ ಹಾಕೀದಿ ನೋಡು, ಮ್ಯಾಲಿನ ಸಾಲಿನ ಒತ್ತು ಬಂದು ಕೆಳಗಿನ ಸಾಲಿನ ಗುಡಿಸಿಗೆ ಬಡದೈತಿ. ಇಂಗ್ಲಿಷಿನ ಅಂತರ ಹಂಗ ಬಿಟ್ಟಿದ್ದಕ್ಕ ಆತು. ಹಿಗ್ಗಸು.

ಹುಡುಗಿ: ಫಾಂಟ್ ಯಾವುದು ಹಾಕಲಿ? ಗೂಗಲ್ ಫಾಂಟ್ಸಿನ್ಯಾಗ 'ಹುಬ್ಬಳ್ಳಿ' ಅಂತಾನ ಒಂದು ಫಾಂಟ್ ಐತ್ರಿ. ಎರಿನ್ ಮ್ಯಾಕ್‌ಲಾಫ್ಲಿನ್ ಅನ್ನೋರು ಮಾಡ್ಯಾರ. ಕನ್ನಡಾನೂ ಐತಿ, ಇಂಗ್ಲಿಷೂ ಐತಿ. ನೋಡ್ರಿ.

ಕಾಕಾ: ಗೆರಿ ಎಲ್ಲಾ ಒಂದ ದಪ್ಪ. ದುಂಡಗ, ಬಳಪದಿಂದ ಬರದಂಗ. ಎಲ್ಲಿಯೋ ಕುಂತು ನಮ್ಮೂರ ಹೆಸರಿಟ್ಟಾರ, ಸಂತೋಷ ಆತು. ಒಳಗಿನ ಲೇಖನದ ಹೆಸರು ಇದರಾಗ ಹಾಕು. ಆದ್ರ ಮ್ಯಾಲಿನ ಪರದೆ ನೀ ಕೈಲೆ ಬರಿ.

ಹುಡುಗಿ: ನಾನಾ? ನೀವ ಬರದು ಕೊಡ್ರಲ್ಲ. ನಿಮ್ಮ ಕೈ ಹೆಂಗ ಓಡತೈತಿ!

ಕಾಕಾ: ನಾ ಬರದ್ರ ಅದು 1985ರ ಪರದೆ ಆಗತೈತಿ. ಬಟರ್ ಪೇಪರ್ ಕೊಡ್ತೀನಿ, ಚಪ್ಪಟಿ ಬ್ರಶ್ ಕೊಡ್ತೀನಿ, ಕರೀ ಪೋಸ್ಟರ್ ಬಣ್ಣ ಕೊಡ್ತೀನಿ. ಐವತ್ತು ಸರ್ತಿ ಬರಿ. ಅದರಾಗ ಒಂದು ನಿನ್ನದಾಗಿ ಬರತೈತಿ. ಅದನ್ನ ಸ್ಕ್ಯಾನ್ ಮಾಡು. ಒಂದು ಮಾತು ಕೇಳು, ರ ಒಳಗ ಫಿಲ್ಮ್ ರೀಲು ಬರೀಬ್ಯಾಡ.

ಹುಡುಗಿ: ಅದನ್ನ ಮಾಡಬೇಕಂತ ಮನಸಿನ್ಯಾಗ ಇತ್ತು!

ಕಾಕಾ: ರೀಲು, ಕ್ಲಾಪ್ ಬೋರ್ಡು, ಪಾಪ್‌ಕಾರ್ನ್, ಈ ಮೂರನ್ನ ಎಲ್ಲಾರೂ ಹಾಕಿ ಹಾಕಿ ಸವದು ಹೋಗ್ಯಾವು. ನಿಮ್ಮ ಸಿನಿಮಾ ರೀಲಿನ್ಯಾಗ ತಗದೂ ಇಲ್ಲ. ಫೋನಿನ್ಯಾಗ ತಗದೀರಿ. ಇಲ್ಲದ್ದನ್ನ ಯಾಕ ತೋರಸಬೇಕು?

ಹುಡುಗಿ: ಸರಿ. ಬಣ್ಣಕ್ಕ ಈ ನೀಲಿ ಹೆಂಗ ಐತ್ರಿ? ಹೊಳೀತೈತಲ್ಲ?

ಕಾಕಾ: ಸ್ಕ್ರೀನು ಬೆಳಕಿನಿಂದ ಬಣ್ಣ ಮಾಡತೈತಿ, ಪ್ರೆಸ್ಸು ಶಾಯಿಯಿಂದ ಮಾಡತೈತಿ. ಈ ನೀಲಿ ನಾಕು ಶಾಯಿಯೊಳಗ ಹುಟ್ಟಂಗಿಲ್ಲ, ಮಂಕಾಗಿ ಬರತೈತಿ. ಫೈಲು ಸಿಎಂವೈಕೆಗೆ ಬದಲ್ ಮಾಡಿ, ಬಂದ ಬಣ್ಣ ನೋಡಿ ಆಮ್ಯಾಲ ಆರಸು. ನಾ ಕೆಲಸ ಕಲಿಯೋ ಮುಂದ ಬಣ್ಣದ ಮುಖಪುಟ ಅಂದ್ರ ಒಂದೊಂದು ಬಣ್ಣಕ್ಕ ಒಂದೊಂದು ಬ್ಲಾಕು. ಹಳದಿ ಹೊಡೀಬೇಕು, ಒಣಗಿಸಬೇಕು. ಅದರ ಮ್ಯಾಲ ಕೆಂಪು, ಒಣಗಿಸಬೇಕು. ಅದರ ಮ್ಯಾಲ ನೀಲಿ. ಕಾಗದ ಒಂದು ಕೂದಲೆಳಿಯಷ್ಟು ಸರದ್ರ ನಟಿ ತುಟಿ ಒಂದು ಕಡೆ, ತುಟಿಯ ಕೆಂಪು ಇನ್ನೊಂದು ಕಡೆ. ರಾತ್ರಿ ಎರಡಕ್ಕ ಮಷೀನ್ ನಿಂದ್ರಿಸಿ, ಭೂತಗನ್ನಡಿ ಹಿಡಕೊಂಡು ಚುಕ್ಕಿ ಮ್ಯಾಲ ಚುಕ್ಕಿ ಕೂಡಿತೇನು ಅಂತ ನೋಡ್ತಿದ್ವಿ. ಮುಂಜಾನಿ ಬಸ್ ಸ್ಟ್ಯಾಂಡಿನ ಅಂಗಡಿಯೊಳಗ ಅದು ನೇತಾಡೂದು ನೋಡಿದ್ರ ನಿದ್ದಿಗೆಟ್ಟದ್ದು ಮರೀತಿತ್ತು.

ಹುಡುಗಿ: ನೇತಾಡೂದು ಅಂದ್ರ?

ಕಾಕಾ: ಹಗ್ಗಕ್ಕ ಕ್ಲಿಪ್ ಹಾಕಿ, ಒಂದರ ಮ್ಯಾಲ ಒಂದು ಬರೂವಂಗ ಕಟ್ಟತಾರ. ಕಾಣೂದು ಮ್ಯಾಲಿನ ನಾಕ ಬೆರಳು ಜಾಗಾ. ಹೆಸರು, ಸ್ವಲ್ಪ ತಲಿ, ಕಣ್ಣು ಕಂಡ್ರ ಪುಣ್ಯ. ಅದಕ್ಕ ಮುಖಪುಟದಾಗ ಕಣ್ಣು ಭಾಳ ಕೆಳಗ ಇಡಬಾರದು.

ಹುಡುಗಿ: ಈಗ ನಾ ನಿಮಗೊಂದು ಹೇಳ್ತೀನ್ರಿ. ನಮ್ಮ ವಯಸ್ಸಿನವರು ಮುಖಪುಟ ಮೊದಲ ಸಲ ನೋಡೂದು ಫೋನಿನ್ಯಾಗ, ಹೆಬ್ಬಟ್ಟಿನ ಉಗುರಿನಷ್ಟು. ಆ ಅಳತಿಗೆ ಇಳಿಸಿ ನೋಡಿದೆ. ಹೆಸರು ಮತ್ತ ಮಾರಿ, ಎರಡ ಉಳದುವು. ಉಳದ ಆರು ಶೀರ್ಷಿಕಿ ಇರುವಿ ಸಾಲು ಆಗ್ಯಾವು.

ಕಾಕಾ: ಹಂಗಿದ್ರ ಆರು ಯಾಕ ಹಾಕೀದಿ? ಒಂದು ದೊಡ್ಡದು, ಎರಡು ಸಣ್ಣವು ಇರಲಿ. ನೀ ಹೇಳಿದ್ದು ನನಗೂ ಹೊಸದು, ಒಪ್ಪಿದೆ. ಹಗ್ಗದ ಮ್ಯಾಲಿಂದಕ್ಕೂ ಫೋನಿಂದಕ್ಕೂ ಲೆಕ್ಕ ಒಂದ ಬಂತು. ಈಗ ಮಾರಿಗೆ ಬರೂಣು. ನಿಮ್ಮ ಆಯಿ ಹಣಿ ಮ್ಯಾಲಿನ ಗೆರಿ ಎಲ್ಲೆ ಹೋದುವು?

ಹುಡುಗಿ: ಆ್ಯಪಿನ್ಯಾಗ ಸ್ವಲ್ಪ ಸಾಫ್ ಮಾಡೀನ್ರಿ. ಸಿನಿಮಾ ಪತ್ರಿಕಿ ಅಲ್ಲರಿ... ಎಲ್ಲಾರೂ ಮಾಡ್ತಾರ.

ಕಾಕಾ: ಆಯಿಗೆ ತೋರಿಸೀದಿ?

ಹುಡುಗಿ: ತೋರಿಸಿದೆ. ಭಾಳ ಹೊತ್ತು ನೋಡಿ, 'ಇದು ನಮ್ಮ ತಂಗಿ ಫೋಟೋ ಏನವಾ?' ಅಂತ ಕೇಳಿದ್ಲು.

ಕಾಕಾ: ...

ಹುಡುಗಿ: ನನಗೂ ಆಗ ಕೆಟ್ಟ ಅನಿಸ್ತು.

ಕಾಕಾ: ನಮ್ಮ ದೇಶಪಾಂಡೆ ನಗರದಾಗ 'ಗಂಗಾಲಹರಿ' ಐತಿ. ಗಂಗೂಬಾಯಿ ಹಾನಗಲ್ಲರ ಮನಿ. 2009ರಾಗ ಅವರು ಹೋಗೋ ತನಕ ಈ ರಸ್ತೆಯೊಳಗ ದೇಶದ ದೊಡ್ಡ ದೊಡ್ಡ ಕಲಾವಿದರು ಓಡಾಡ್ಯಾರ. ಅವರ ದನಿ ಗಂಡಸರ ದನಿ ಹಂಗ ಭಾರ ಇತ್ತು. ಹೆಣ್ಣಿನ ದನಿ ಹಿಂಗಿರಬಾರದು ಅಂತ ಅವರು ಅದನ್ನ ತೆಳ್ಳಗ ಮಾಡಾಕ ಹೋಗಲಿಲ್ಲ, ಅದರಾಗ ಹಾಡಿದ್ರು. ತೊಂಬತ್ತು ದಾಟಿದ ಮ್ಯಾಲಿನ ಅವರ ಒಂದು ಫೋಟೋ ತೊಗೊ, ನಿನ್ನ ಆ್ಯಪಿನ್ಯಾಗ ಹಾಕಿ ಸಾಫ್ ಮಾಡು. ಯಾರು ಉಳೀತಾರ ಅಲ್ಲೆ?

ಹುಡುಗಿ: ಯಾರೂ ಉಳಿಯಂಗಿಲ್ಲ.

ಕಾಕಾ: ಆಯಿ ಗೆರಿ ಅಳಿಸಿದ್ರ ನಿಮ್ಮ ಸಿನಿಮಾದ ಕಥೀನೂ ಅಳಿಸಿ ಹೋಗತೈತಿ. ಮದವಿ ಮನಿಯಾಗ ಹಾಡಿಕೋತ ಬಂದಾಕಿ, ಒಬ್ಬಾಕೀನ ಕುಂತು ಹಾಡು ನೆನಸಿಕೊಳ್ಳೂದು ಅಲ್ಲೇನು ಕಥಿ? ನೆನಪು ಎಲ್ಲೆ ಇರತೈತಿ ಮತ್ತ?

ಹುಡುಗಿ: ಒಂದು ಅಂಜಿಕಿ ಐತ್ರಿ. ಸಿನಿಮಾ ಪತ್ರಿಕಿ ಮುಖಪುಟದ ಮ್ಯಾಲ ಹಣ್ಣಾದ ಹೆಂಗಸು ಅಂದ್ರ ಅಂಗಡಿಯವನು ಹಗ್ಗಕ್ಕ ಹಾಕ್ತಾನೇನು?

ಕಾಕಾ: ನಾ ಸುಳ್ಳು ಹೇಳಂಗಿಲ್ಲ. ನನ್ನ ಮೂವತ್ತೈದು ವರ್ಷದಾಗ ಅಂಥಾ ಮುಖಪುಟ ಒಂದೂ ನನ್ನ ಕೈಯಾಗಿಂದ ಹೋಗಿಲ್ಲ. ಕೇಳಿದ್ರ ಮಾಲಕರು ಒಪ್ಪತಿದ್ದಿಲ್ಲ. ನಾನೂ ಕೇಳಲಿಲ್ಲ.

ಹುಡುಗಿ: ನಮಗೊಂದು ತೋರಿಸಿದ್ರು ಕ್ಲಾಸಿನ್ಯಾಗ. ಫ್ರಾನ್ಸಿನ 'ಕಾಯೆ ದು ಸಿನೆಮಾ'. 1951ರ ಏಪ್ರಿಲ್‌ದಾಗ ಮೊದಲ ಸಂಚಿಕಿ ಬಂತು. ಹಳದಿ ಮುಖಪುಟ, ಅದರಾಗ ಕಪ್ಪು ಬಿಳಿ ಫೋಟೋ. ಯಾರದು ಹೇಳ್ರಿ? ಗ್ಲೋರಿಯಾ ಸ್ವಾನ್ಸನ್. ಮೂಕಿ ಚಿತ್ರದ ಕಾಲದಾಗ ದೊಡ್ಡ ತಾರಿ. ವಯಸ್ಸಾದ ಮ್ಯಾಲ 'ಸನ್‌ಸೆಟ್ ಬುಲೆವಾರ್ಡ್'ನ್ಯಾಗ, ಮಂದಿ ಮರತುಬಿಟ್ಟ ಒಬ್ಬ ಮೂಕಿ ತಾರಿಯ ಪಾತ್ರ ಮಾಡಿದ್ಲು. ಅದೇ ಪಾತ್ರದ ಫೋಟೋ ಅದು. ಜಗತ್ತಿನ್ಯಾಗ ಸಿನಿಮಾನ ಅಷ್ಟು ಗಂಭೀರ ತೊಗೊಂಡ ಪತ್ರಿಕಿ ತನ್ನ ಮೊದಲ ಮುಖಪುಟಕ್ಕ ಆಕೀನ್ನ ಆರಿಸಿತು.

ಕಾಕಾ: ಮರು ವರ್ಷಾನ, 1952ರ ಮಾರ್ಚ್ 7ಕ್ಕ, ಮುಂಬೈಯಾಗ 'ಫಿಲ್ಮ್‌ಫೇರ್' ಶುರು ಆತು. ಮೊದಲ ಮುಖಪುಟ ಕಾಮಿನಿ ಕೌಶಲ್. ಆಗ ಎಲ್ಲಾರಿಗೂ ಬೇಕಾಗಿದ್ದ ನಟಿ. ಅದು ಇನ್ನೊಂದು ದಾರಿ. ಅದನ್ನೂ ಹಗರ ಮಾಡಿ ನೋಡಬ್ಯಾಡ. ನಮ್ಮ ಧಾರವಾಡದಾಗ ಹುಟ್ಟಿದ ಲೀನಾ ಚಂದಾವರಕರ್ ಹಿಂದಿ ಸಿನಿಮಾಕ್ಕ ಹೋಗಿದ್ದು ಫಿಲ್ಮ್‌ಫೇರ್ ನಡಿಸಿದ ಹೊಸ ಮುಖದ ಸ್ಪರ್ಧೆಯಿಂದ. ಅಂದ್ರ ಸಿನಿಮಾ ಪತ್ರಿಕಿ ಇದ್ದವರನ್ನ ತೋರಸತೈತಿ, ಇನ್ನೂ ಯಾರೂ ಕಾಣದವರನ್ನ ಹುಡಕತೈತಿ ಸೈತ. ಆ ಎರಡನೇ ಕೆಲಸ ಈಗಿನ ಪತ್ರಿಕಿಯವರು ಬಿಟ್ಟಾರ ಅಂತ ನನ್ನ ಮನಸಿನ್ಯಾಗ ಐತಿ. ಫೋನಿನ್ಯಾಗ ದಿನಾ ನೂರು ಸರ್ತಿ ಕಂಡ ಮಾರೀನ ಮುಖಪುಟದ ಮ್ಯಾಲ ಮತ್ತೊಮ್ಮೆ ತಂದು ಇಟ್ರ ಅದನ್ನ ಯಾರು ರೊಕ್ಕ ಕೊಟ್ಟು ಕೊಳ್ಳತಾರ?

ಹುಡುಗಿ: ಹಂಗಿದ್ರ ಆಯೀನೂ ಹೊಸ ಮುಖಾನ.

ಕಾಕಾ: ಏನಂದಿ?

ಹುಡುಗಿ: ಆಯಿ ಹೊಸ ನಟಿ ಅಲ್ಲೇನ್ರಿ? ಮೊದಲ ಸಿನಿಮಾ. ಆಕೀಗೆ ಎಪ್ಪತ್ತೊಂದು. ದೊಡ್ಡ ಅಕ್ಷರದಾಗ ಬರಿಯೂದು: 'ಎಪ್ಪತ್ತೊಂದರ ಹೊಸ ನಟಿ'.

ಕಾಕಾ: ಇನ್ನೊಮ್ಮೆ ಹೇಳು.

ಹುಡುಗಿ: ಎಪ್ಪತ್ತೊಂದರ ಹೊಸ ನಟಿ.

ಕಾಕಾ: ಬ್ಯಾರೆ ಶೀರ್ಷಿಕಿ ಹುಡಕಬ್ಯಾಡ. ಮೂರು ಮಾತಿನ್ಯಾಗ ವಯಸ್ಸೂ ಬಂತು, ಸುದ್ದೀನೂ ಬಂತು. 'ಎಕ್ಸ್‌ಕ್ಲೂಸಿವ್' ಅಂತ ಕೆಂಪು ಪಟ್ಟಿ ಹಾಕೀದಿ ನೋಡು, ಅದನ್ನ ತಗದು ಒಗಿ. ಒತ್ತು ಎಲ್ಲಾ ಮೊದಲ ಮಾತಿನ್ಯಾಗ ಅದಾವು, ಪ್ಪ, ತ್ತೊ. ಹಿಂಗಾಗಿ ಒಂದ ಸಾಲು ಮಾಡು. ಎರಡು ಮಾಡಿದ್ರ 'ಎಪ್ಪತ್ತೊಂದರ' ಮ್ಯಾಲ, 'ಹೊಸ ನಟಿ' ಕೆಳಗ, ನಡುವ ಅಂತರ ಬಿಟ್ಟು.

ಹುಡುಗಿ: ಬಾರ್‌ಕೋಡ್ ಇರಲೇನ್ರಿ?

ಕಾಕಾ: ಎಲ್ಲಿಂದ ತಂದೀದಿ ಅದನ್ನ?

ಹುಡುಗಿ: ನೆಟ್ಟಿನ್ಯಾಗ ಸಿಕ್ಕಿತು.

ಕಾಕಾ: ಅಂದ್ರ ಅದು ಇನ್ನೊಬ್ಬರ ವಸ್ತುವಿನ ಅಂಕಿ. ನಿಯತಕಾಲಿಕದ ಬಾರ್‌ಕೋಡ್ 977ರಿಂದ ಶುರು ಆಗತೈತಿ, ಅದರ ಹಿಂದ ಆ ಪತ್ರಿಕಿಯ ಐಎಸ್‌ಎಸ್‌ಎನ್ ಅಂಕಿ ಇರತಾವು. ನಿಮಗ ಆ ಅಂಕಿ ಇಲ್ಲ. ಖಾಲಿ ಚೌಕ ಇಟ್ಟು, 'ಬಾರ್‌ಕೋಡ್ ಜಾಗ' ಅಂತ ಬರಿ. ಮಾಸ್ತರು ಕೇಳಿದ್ರ ಕಾರಣ ಹೇಳು. ಹೆಸರಿಂದೂ ಹಂಗ. ಕಾಲೇಜಿನ ಕೆಲಸಕ್ಕ ನೋಂದಣಿ ಬೇಕಾಗಿಲ್ಲ. ಆದ್ರ ಮುಂದ ಖರೇನ ಪತ್ರಿಕಿ ಮಾಡತೀರಿ ಅಂದ್ರ ಹೆಸರು ಮೊದಲ ನೋಂದಣಿ ಆಗಬೇಕು. 1867ರ ಕಾಯ್ದೆ ಹೋಗಿ 2023ರ ಹೊಸ ಕಾಯ್ದೆ ಬಂದೈತಿ, ಅರ್ಜಿ ಎಲ್ಲಾ ಆನ್‌ಲೈನ್. ಬ್ಯಾರೆಯವರು ಇಟ್ಟ ಹೆಸರು ಸಿಗಂಗಿಲ್ಲ.

ಹುಡುಗಿ: ಮುಂದ ಮಾಡೂಣ ಅಂತ ನಮ್ಮ ಗುಂಪಿನ್ಯಾಗ ಒಬ್ಬಾಕಿ ಅಂದಾಳ್ರಿ. ಹುಬ್ಬಳ್ಳಿ ಧಾರವಾಡದಾಗ ಕಿರುಚಿತ್ರ ಮಾಡೋರು ಎಷ್ಟು ಮಂದಿ ಅದಾರ. ಅವರ ಬಗ್ಗೆ ಬರಿಯೋರು ಇಲ್ಲ.

ಕಾಕಾ: ಮಾಡ್ರಿ. ಎರಡನೇ ಸಂಚಿಕಿಗೆ ಪಂಡಿತರ ಮ್ಯಾಲ ಲೇಖನ ಹಾಕ್ರಿ. ಕಲಬುರಗಿಗೆ ಹೋಗಿ ಅವರ ಚಿತ್ರ ಕಣ್ಣಾರೆ ನೋಡಿಕೊಂಡು ಬಂದು ಬರೀರಿ. ಈಗ ಮೊದಲ ಆಯಿಗೆ ಹೋಗಿ ಕೇಳು, ಮುಖಪುಟದ ಮ್ಯಾಲ ಹಾಕತೀವಿ, ಒಪ್ಪಿಗಿ ಐತೇನು ಅಂತ. ಮನಿಯವರು ಅಂತ ಕೇಳದ ಹಾಕಬ್ಯಾಡ. ಯಾವ ಸೀರಿ ಉಡಬೇಕು ಅನ್ನೂದೂ ಆಕೀ ಇಚ್ಛಾ.

ಹುಡುಗಿ: ಇಳಕಲ್ ಸೀರಿನ ಉಡತಾಳ. ದಾಳಿಂಬರಿ ಬಣ್ಣದ್ದು. ಅದು ಶಾಯಿಯೊಳಗ ಬರತೈತಲ್ರಿ?

ಕಾಕಾ: ಛಲೋ ಬರತೈತಿ. ನಾಳೆ ಮುಂಜಾನಿ ಎಂಟಕ್ಕ ಇಲ್ಲೇ ಕಟ್ಟಿ ಮ್ಯಾಲ ಕರಕೊಂಡು ಬಾ. ಆ ಹೊತ್ತಿಗೆ ಬೇವಿನ ಗಿಡದಾಗಿಂದ ಓರೆ ಬೆಳಕು ಬೀಳತೈತಿ, ಒಂಬತ್ತಕ್ಕ ಹೋಗಿಬಿಡತೈತಿ. ಫೋನ್ ಉದ್ದಕ ಹಿಡಿ. ಆಯಿ ಎದುರು ನೀ ಕುಂದ್ರು, ಆಕೀ ಹಾಡು ಕೇಳು. ಆಕಿ ನಿನ್ನ ಕಣ್ಣು ನೋಡಿ ಹಾಡೋ ಮುಂದ ತಗಿ. ತಗದ ಮ್ಯಾಲ ಹಣಿ ಮ್ಯಾಲಿನ ಒಂದು ಗೆರೀನೂ ಮುಟ್ಟಬ್ಯಾಡ.